ತೀರ್ಪುಗಾರರ ಮುಂದೆ ಸಳ

ಕಾಫಿ ಸೀಮೆಯಲ್ಲಿ ಭಾಷಣ ಸ್ಪರ್ಧೆ ಬರುವುದು ಮಳೆಯ ಜೊತೆಗೆ. ಶಾಲೆ ಶುರುವಾಗಿ ಪಾಠ ಒಂದು ಹದಕ್ಕೆ ಬರುವಷ್ಟರಲ್ಲಿ ವಿದ್ಯಾ ಇಲಾಖೆಯ ಪ್ರತಿಭಾ ಕಾರಂಜಿ ಸ್ಪರ್ಧೆಗಳ ಸುತ್ತೋಲೆ, ಅದರ ಬೆನ್ನಿಗೇ ಆಗಸ್ಟ್ 15, ಗಣಪತಿ ಹಬ್ಬ. ಕೊಟ್ಟಿಗೆಹಾರದ ಕಡೆ ಮಳೆ ಜೋರಾಗಿ ರಜೆ ಘೋಷಣೆಯಾದರೆ ಸ್ಪರ್ಧೆ ಮುಂದಕ್ಕೆ ಹೋಗುತ್ತದೆ. ಇಲ್ಲವಾದರೆ ಶೀಟಿನ ಮಾಡಿನ ಸದ್ದನ್ನು ಮೀರಿಸುವ ಗಂಟಲಿದ್ದವರಿಗೆ ಅರ್ಧ ಗೆಲುವು ಅಲ್ಲೇ. ಕಳಸದ ಮಕ್ಕಳು ಜಿಲ್ಲಾ ಮಟ್ಟಕ್ಕೆ ಆಯ್ಕೆಯಾದರೆ ಸುಮಾರು 90 ಕಿ.ಮೀ. ತಿರುವು ದಾರಿಯಲ್ಲಿ ಚಿಕ್ಕಮಗಳೂರಿಗೆ ಬರಬೇಕು. ಬಂದು ಮಾತಾಡುವುದು ನಾಲ್ಕೈದು ನಿಮಿಷ.

ಆ ನಾಲ್ಕೈದು ನಿಮಿಷದ ಮಾತು ಬಹುಪಾಲು ಇತಿಹಾಸದ್ದೇ. ಕಿತ್ತೂರು ಚೆನ್ನಮ್ಮ, ಸಂಗೊಳ್ಳಿ ರಾಯಣ್ಣ, ಒನಕೆ ಓಬವ್ವ, ಭಗತ್ ಸಿಂಗ್. ಗಣ್ಯರಿಗೆ, ನಿಷ್ಪಕ್ಷಪಾತ ತೀರ್ಪುಗಾರರಿಗೆ, ಗುರುವೃಂದಕ್ಕೆ ವಂದಿಸುವುದರಲ್ಲಿ ಅರ್ಧ ನಿಮಿಷ ಹೋಗುತ್ತದೆ. ಮಿಕ್ಕದ್ದು ಮೇಷ್ಟ್ರು ಬರೆದುಕೊಟ್ಟು ಮಗು ಬಾಯಿಪಾಠ ಮಾಡಿದ್ದು.

ಈ ಸ್ಪರ್ಧೆಯ ಮೂಲ ಹುಡುಕಿಕೊಂಡು ಹೋದರೆ ನಾವು ತಲುಪುವುದು ಉತ್ಸವದ ಪೆಂಡಾಲನ್ನು. 1893ರಲ್ಲಿ ತಿಲಕರು ಗಣಪತಿಯನ್ನು ಬೀದಿಗೆ ತಂದು ಪೂಜೆಯ ಜೊತೆಗೆ ಭಾಷಣವನ್ನೂ ಸೇರಿಸಿದರು. ಸ್ವಾತಂತ್ರ್ಯ ಬಂದ ಮೇಲೆ ಆಗಸ್ಟ್ 15, ಗಾಂಧಿ ಜಯಂತಿ, 1956ರ ನಂತರ ನವೆಂಬರ್ 1 ಶಾಲೆಯ ಪಂಚಾಂಗಕ್ಕೆ ಸೇರಿದವು. ಸರ್ಕಾರಿ ಜಯಂತಿಗಳ ಪಟ್ಟಿ ವರ್ಷದಿಂದ ವರ್ಷಕ್ಕೆ ಬೆಳೆಯಿತು. ಜಯಂತಿ ಎಂದ ಮೇಲೆ ಭಾಷಣ, ಭಾಷಣ ಎಂದ ಮೇಲೆ ಬಹುಮಾನ. ಈ ಶತಮಾನದ ಆರಂಭದ ವರ್ಷಗಳಲ್ಲಿ ಬಂದ ಪ್ರತಿಭಾ ಕಾರಂಜಿ ಇದಕ್ಕೆ ಕ್ಲಸ್ಟರ್, ತಾಲ್ಲೂಕು, ಜಿಲ್ಲೆ, ರಾಜ್ಯ ಎಂಬ ಮೆಟ್ಟಿಲು ಕಟ್ಟಿತು. ಇದರ ಸೋದರಸಂಬಂಧಿ ಚರ್ಚಾಸ್ಪರ್ಧೆಯಲ್ಲಿ ಪರ–ವಿರೋಧ ಎಂಬ ಎರಡು ಬಣಗಳಾದರೂ ಇರುತ್ತವೆ. ಜಯಂತಿಯ ಭಾಷಣಕ್ಕೆ ವಿರೋಧ ಬಣವೇ ಇಲ್ಲ. ಅಲ್ಲಿ ಹೊಗಳಿಕೆಗೆ ಅಂಕ, ಅನುಮಾನಕ್ಕೆ ಅಂಕವಿಲ್ಲ.

ವಿಚಿತ್ರವೆಂದರೆ ಈ ಜಿಲ್ಲೆಯ ಇತಿಹಾಸವನ್ನು ಮೊದಲು ಒಟ್ಟುಮಾಡಿದವರು ಇದೇ ವಿದ್ಯಾ ಇಲಾಖೆಯ ಮನುಷ್ಯ. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಬಿ. ಎಲ್. ರೈಸ್ ಮೊದಲು ಹೈಸ್ಕೂಲಿನ ಹೆಡ್‌ಮಾಸ್ತರು, ಆಮೇಲೆ ಮೈಸೂರು–ಕೊಡಗಿನ ವಿದ್ಯಾ ಇಲಾಖೆಯ ನಿರ್ದೇಶಕರು. ಶಾಲೆ ತಪಾಸಣೆಗೆ ಸುತ್ತುತ್ತಲೇ ಊರೂರಿನ ಶಾಸನಗಳ ಬೆನ್ನು ಹತ್ತಿದರು. ಒಟ್ಟು ಹತ್ತಿರ ಹತ್ತಿರ 9,000 ಶಾಸನಗಳು ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಅಚ್ಚಾದವು. ಆಗ ಕಡೂರು ಜಿಲ್ಲೆ ಎನಿಸಿಕೊಂಡಿದ್ದ ನಮ್ಮ ಚಿಕ್ಕಮಗಳೂರಿನ ಪಾಲಿಗೆ ಬಂದದ್ದು ಆರನೆಯ ಸಂಪುಟ, 1901ರಲ್ಲಿ. ಚಿಕ್ಕಮಗಳೂರಿನ ಕಲ್ಲುಗಳು, ಮೂಡಿಗೆರೆಯ ಕಲ್ಲುಗಳು ಎಂದು ತಾಲ್ಲೂಕುವಾರು ಸಂಖ್ಯೆ ಹಾಕಿ, ಮೂಲಪಾಠಕ್ಕೆ ಇಂಗ್ಲಿಷ್ ಅನುವಾದ ಜೋಡಿಸಿದ ಪುಸ್ತಕ ಅದು. ಭಾಷಣ ಬರೆಯುವ ಮೇಷ್ಟ್ರ ಮೇಜಿನ ಮೇಲೆ ಇರಬೇಕಾದದ್ದು, ಅಪರೂಪಕ್ಕೆ ಕೂಡ ಕಾಣಿಸುವುದಿಲ್ಲ.

ಇದ್ದಿದ್ದರೆ ಹೊಯ್ಸಳ ವಂಶದ ಮೂಲಪುರುಷ ಸಳನ ಕಥೆ ಬೇರೆ ರೀತಿ ಕೇಳಿಸುತ್ತಿತ್ತು. ಗುರು ‘ಹೊಯ್ ಸಳ’ ಎಂದದ್ದು, ಶಿಷ್ಯ ಹುಲಿಯನ್ನು ಹೊಡೆದದ್ದು ಮೂಡಿಗೆರೆಯ ಮಕ್ಕಳಿಗೆ ಮನೆಯ ಕಥೆ. ಈ ಕಥೆ ನಡೆಯಿತೆನ್ನುವ, ಶಾಸನಗಳ ಸೊಸೆವೂರು ಇದೇ ತಾಲ್ಲೂಕಿನ ಅಂಗಡಿ ಎಂಬ ಊರು ಎಂದು ಗುರುತಿಸಿದವರೂ ರೈಸ್ ಅವರೇ. ವಾಸಂತಿಕೆಯ ಗುಡಿ, ಹಳೆಯ ಬಸದಿಗಳು ಅಲ್ಲಿ ಇನ್ನೂ ನಿಂತಿವೆ. ಆದರೆ ಈ ಕಥೆ ನಮಗೆ ಸ್ಪಷ್ಟವಾಗಿ ಸಿಗುವುದು ವಿಷ್ಣುವರ್ಧನನ 1117ರ ಬೇಲೂರು ಶಾಸನದಲ್ಲಿ. ವಂಶದ ಹೆಸರು ಅದಕ್ಕೂ ನೂರು ವರ್ಷ ಮೊದಲೇ ಕಲ್ಲಿನ ಮೇಲೆ ಇದೆ. ಶಾಸನ ಹುಲಿ ಎನ್ನುತ್ತದೆ, ಬೇಲೂರಿನ ಬಾಗಿಲಲ್ಲಿ ಸಳ ಇರಿಯುತ್ತಿರುವ ಪ್ರಾಣಿಗೆ ಸಿಂಹದ ಚಹರೆ. ತಲಕಾಡು ಗೆದ್ದ ಅರಸನಿಗೆ ಆ ಹೊತ್ತಿನಲ್ಲೇ ಒಬ್ಬ ವೀರ ಮೂಲಪುರುಷ ಯಾಕೆ ಬೇಕಾದ? ಹತ್ತನೆಯ ತರಗತಿಯ ಹುಡುಗ ಇದನ್ನು ವೇದಿಕೆಯ ಮೇಲೆ ಕೇಳಿದರೆ ತೀರ್ಪುಗಾರರು ಏನು ಮಾಡಬಹುದು ಎಂಬ ಕುತೂಹಲ ನನಗಿದೆ. ಬಹುಶಃ ಸಮಯ ಮುಗಿಯಿತೆಂಬ ಎರಡನೆಯ ಗಂಟೆ ಬಾರಿಸುತ್ತಾರೆ.

ಅಮೆರಿಕದಲ್ಲಿ ಇದೇ ಬಗೆಯ ಮಕ್ಕಳ ಸ್ಪರ್ಧೆಯೊಂದು 1974ರಲ್ಲಿ ಕ್ಲೀವ್‌ಲ್ಯಾಂಡ್ ನಗರದಲ್ಲಿ ಹುಟ್ಟಿತು. ನ್ಯಾಷನಲ್ ಹಿಸ್ಟರಿ ಡೇ ಎಂದು ಅದರ ಹೆಸರು, ಹುಟ್ಟುಹಾಕಿದವರು ಡೇವಿಡ್ ವ್ಯಾನ್ ಟ್ಯಾಸೆಲ್ ಎಂಬ ಇತಿಹಾಸದ ಪ್ರಾಧ್ಯಾಪಕರು. ಅಲ್ಲಿ ಮಗು ಹಳೆಯ ಪತ್ರ, ದಾಖಲೆ, ಸಂದರ್ಶನ ಹುಡುಕಿಕೊಂಡು ಬರಬೇಕು, ತೀರ್ಪುಗಾರರು ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳುತ್ತಾರೆ. ಬಾಯಿಪಾಠದವರು ಅಲ್ಲೇ ಸಿಕ್ಕಿಬೀಳುತ್ತಾರೆ.

ನಮ್ಮಲ್ಲಿ ಹುಡುಕಲು ದೂರ ಹೋಗಬೇಕಾಗಿಲ್ಲ. ಇತ್ತೀಚಿನವರೆಗೂ ಮೂಡಿಗೆರೆಯ ಹೋಬಳಿಯಾಗಿದ್ದು ಈಗ ತಾನೇ ತಾಲ್ಲೂಕಾಗಿರುವ ಕಳಸವನ್ನು 13ನೆಯ ಶತಮಾನದಲ್ಲಿ ಜಾಕಲ ಮಹಾದೇವಿ, ಕಾಳಲ ಮಹಾದೇವಿ ಎಂಬ ಇಬ್ಬರು ರಾಣಿಯರು ಆಳಿದರೆಂದು ಅಲ್ಲಿನ ಶಾಸನಗಳೇ ಹೇಳುತ್ತವೆ. ಕಳಸದ ಹುಡುಗಿ ಕಿತ್ತೂರಿನ ರಾಣಿಯ ಬಗ್ಗೆ ಮಾತಾಡಲಿ, ಬೇಡ ಎಂದವರಾರು? ಆದರೆ ಕಳಸನಾಥನ ಗುಡಿಯ ಊರಿನ ಈ ಇಬ್ಬರ ಹೆಸರು ಅವಳ ಭಾಷಣದ ವಿಷಯಗಳ ಪಟ್ಟಿಗೆ ಇನ್ನೂ ಬಂದಿಲ್ಲ. ಹತ್ತಿರದ ವಿಷಯ ಇಷ್ಟಕ್ಕೇ ಮುಗಿಯುವುದಿಲ್ಲ: ಇದೇ ಕಳಸ–ಕಾರ್ಕಳ ಸೀಮೆಯ ಭೈರರಸರ ಮನೆತನದ ವೀರಪಾಂಡ್ಯ 1432ರಲ್ಲಿ ಘಟ್ಟದ ಕೆಳಗೆ ಕಾರ್ಕಳದ ಬಾಹುಬಲಿಯನ್ನು ನಿಲ್ಲಿಸಿದ.

ಶಾಸನ ಓದಲು ಬಾರದವರಿಗೆ ಇನ್ನೂ ಹತ್ತಿರದ ಆಕರಗಳಿವೆ. ಕುದುರೆಮುಖದ ಗಣಿ ಕಂಪನಿ 1976ರಲ್ಲಿ ಹುಟ್ಟಿತು, ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ನಡುವೆ ಒಂದು ಊರು ಕಟ್ಟಿಕೊಂಡಿತು, ಖಾಲಿಯೂ ಆಯಿತು; ಅಲ್ಲಿ ದುಡಿದವರು ಕಳಸ, ಮೂಡಿಗೆರೆಯಲ್ಲೇ ಸಿಗುತ್ತಾರೆ. 1978ರ ನವೆಂಬರಿನಲ್ಲಿ ಡಿ. ಬಿ. ಚಂದ್ರೇಗೌಡರು ತೆರವು ಮಾಡಿಕೊಟ್ಟ ಚಿಕ್ಕಮಗಳೂರು ಕ್ಷೇತ್ರದಿಂದ ಇಂದಿರಾ ಗಾಂಧಿ ವೀರೇಂದ್ರ ಪಾಟೀಲರನ್ನು ಸೋಲಿಸಿ ಲೋಕಸಭೆಗೆ ಮರಳಿದಾಗ ದೇಶವೆಲ್ಲ ಈ ಬೆಟ್ಟಗಳತ್ತ ತಿರುಗಿತ್ತು. ಆಗ ಎಸ್ಟೇಟಿನ ಲೈನ್ ಮನೆಗಳಲ್ಲಿ ಏನು ಮಾತಾಡಿಕೊಂಡರು, ರೈಟರು ಏನೆಂದರು, ಸಾಹುಕಾರರು ಯಾರಿಗೆ ಹಾಕಿ ಎಂದರು? ಆ ಕಾಲಕ್ಕೆ ಓಟು ಹಾಕಲು 21 ತುಂಬಿರಬೇಕಿತ್ತು. ಅಂದಿನ ಅತಿ ಕಿರಿಯ ಮತದಾರರಿಗೂ ಈಗ ಎಪ್ಪತ್ತರ ಆಸುಪಾಸು, ಹಲವರು ಸ್ಪರ್ಧಿಗಳ ಅಜ್ಜ–ಅಜ್ಜಿಯರೇ.