ಬರ್ಫದ ಒಣಬೇಸಾಯ

2025ರ ಜೂನ್ ಮೊದಲ ವಾರ. ಕರೆಂಟ್ ಹೋಗಿತ್ತು. ಗಬ್ಬೂರಿನ ನಮ್ಮ ಮನೆ ಮುಂದೆ ಹೊರಸು ಹಾಕಿಕೊಂಡು ಮುಂಗಾರಿನ ಮೋಡ ನೋಡುತ್ತ ಕೂತಿದ್ದೆ. ಮೊಮ್ಮಗಳು ಫೋನ್ ಹಿಡಿದು ಓಡಿ ಬಂದಳು.

"ಮುತ್ಯಾ, ಬರ್ಫದ ಮ್ಯಾಲೂ ಹಾಕಿ ಆಡ್ತಾರಂತ. ನಮ್ಮವರಿಗೆ ಕಂಚು ಬಂದೈತಿ. ಖರೇನಾ?"

ಖರೇನೇ. ಅರಬ್ ನಾಡಿನ ಅಲ್ ಐನ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ನಮ್ಮ ಮಹಿಳಾ ಐಸ್ ಹಾಕಿ ತಂಡ ಮೂರನೆಯ ಸ್ಥಾನ ಪಡೆದಿತ್ತು. ಆದರೆ ನನಗೆ ನೆನಪಾದದ್ದು 2017ರ ಬ್ಯಾಂಕಾಕ್. ಈ ಕಂಚಿಗಿಂತ ಅಲ್ಲಿ ಗೆದ್ದ ಒಂದು ಪಂದ್ಯವೇ ದೊಡ್ಡದು ಅನ್ನುವುದು ನನ್ನ ಹಟ.

ಯಾಕೆಂದರೆ ಆ ಹುಡುಗಿಯರು ಆಡಿ ಬೆಳೆದ ಜಾಗ ಕಂಡವನು ನಾನು. ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದಾಗ ಎರಡು ಚಳಿಗಾಲ ಲಡಾಖಿನ ಲೇಹ್‌ನಲ್ಲಿ ಕಳೆದೆ. ಮೂರೂವರೆ ಸಾವಿರ ಮೀಟರ್ ಎತ್ತರದ ಊರು. ಬೆಳಗಿನ ಹೊತ್ತು ಡೀಸೆಲ್ ಗಟ್ಟಿಯಾಗಿ ಗಾಡಿ ಕೆಮ್ಮುತ್ತಿತ್ತು. ಅಲ್ಲಿ ಕರ್ಜೂ ಅಂತ ಒಂದು ಕೆರೆ. ಕತ್ತಲಾದ ಮೇಲೆ ನಾಲ್ಕೈದು ಜನ ಪೈಪು, ಬಕೆಟ್ಟು ಹಿಡಿದು ಹೆಪ್ಪುಗಟ್ಟಿದ ಕೆರೆಯ ಮೇಲೆ ಮತ್ತೆ ನೀರು ಹಾಯಿಸುತ್ತಿದ್ದರು. ನಮ್ಮ ಹೆಂಗಸರು ಅಂಗಳ ಸಾರಿಸಿದ ಹಾಗೆ, ತೆಳ್ಳಗೆ. ಒಂದು ಪದರ ಗಟ್ಟಿಯಾದ ಮೇಲೆ ಇನ್ನೊಂದು. ಬೆಳಗಾದರೆ ಕೆರೆ ಶಹಾಬಾದ್ ಫರಶಿಯಂತೆ ನುಣ್ಣಗೆ. ಅದರ ಮೇಲೆ ಅಣ್ಣನ ಬೂಟಿಗೆ ಎರಡು ಜೊತೆ ಕಾಲುಚೀಲ ತುರುಕಿಕೊಂಡು ಜಾರುವ ಹುಡುಗಿ.

ಈ ಬರ್ಫ ಇರುವುದು ವರ್ಷಕ್ಕೆ ಎರಡು ತಿಂಗಳು, ಹೆಚ್ಚೆಂದರೆ ಇನ್ನಷ್ಟು ದಿನ. ನಾರಾಯಣಪುರ ಬಲದಂಡೆ ಕಾಲುವೆ ಬರುವ ಮುಂಚೆ ದೇವದುರ್ಗದ ಕಡೆ ನಾವು ಮಾಡುತ್ತಿದ್ದ ಒಣಬೇಸಾಯವೇ ಇದು. ಯಂತ್ರದಿಂದ ಹೆಪ್ಪುಗಟ್ಟಿಸಿದ ರಿಂಕ್ ಇದ್ದವರದ್ದು ನೀರಾವರಿ. ಡೆಹ್ರಾಡೂನ್‌ನಲ್ಲಿ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆಂದು ಅಂಥದೊಂದು ಕಟ್ಟಿದರು, ಆಮೇಲೆ ವರ್ಷಗಟ್ಟಲೆ ಬೀಗ ಹಾಕಿಟ್ಟರು. ಕಾಲುವೆ ತೋಡಿ ನೀರು ಬಿಡದ ಕತೆ. ನಮಗೇನು ಹೊಸದಲ್ಲ ಬಿಡಿ. 2025ರಲ್ಲಿ ಮತ್ತೆ ಬಾಗಿಲು ತೆರೆದಿದೆ.

2016ರಲ್ಲಿ ತೈಪೆಯ ಏಷ್ಯಾ ಚಾಲೆಂಜ್ ಕಪ್‌ಗೆ ಹೋದ ನಮ್ಮ ಮೊದಲ ಮಹಿಳಾ ತಂಡ ಎಲ್ಲ ಪಂದ್ಯವನ್ನೂ ಸೋತಿತು. ಗೋಲು ಕಾಯುವ ಗೋಲಿ ಸೇರಿ ಆರು ಜನರ ಆಟ, ಇಪ್ಪತ್ತು ನಿಮಿಷದ ಮೂರು ಸರದಿ, ಸುಮಾರು ಅರವತ್ತು ಮೀಟರ್ ಉದ್ದದ ಅಂಗಳ, ಸುತ್ತ ಸೊಂಟದೆತ್ತರದ ತಡೆ. ಚೆಂಡಿನ ಬದಲು ಬಳಸುವ ಪಕ್ ಆ ತಡೆಗೆ ಬಡಿದು ಯಾವ ಕಡೆ ಚಿಮ್ಮುತ್ತದೆ ಎಂಬ ಲೆಕ್ಕ ಕೆರೆಯಲ್ಲಿ ಕಲಿತವರಿಗೆ ಎಲ್ಲಿಂದ ಬರಬೇಕು?

ಮರುವರ್ಷ ಜನರಿಂದ ಪಟ್ಟಿ ಎತ್ತಿ ಬ್ಯಾಂಕಾಕಿಗೆ ಹೋದರು. ಫಿಲಿಪೀನ್ಸ್ ಎದುರು 4–3. ಪಂದ್ಯ ಮುಗಿದೊಡನೆ ಗೆದ್ದವರ ರಾಷ್ಟ್ರಗೀತೆ ನುಡಿಸುವುದು ಈ ಆಟದ ರಿವಾಜು. ಅಂದು ಮೊದಲ ಸಲ ಆ ಹುಡುಗಿಯರು ಬರ್ಫದ ಮೇಲೆ ಸಾಲಾಗಿ ನಿಂತು ಜನಗಣಮನ ಕೇಳಿದರು. ಫೌಜಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ.

ಆ ಕಾಲದ ಗೋಲಿ ನೂರ್ ಜಹಾನ್ ಅವರ ಕಸುಬು ಲಡಾಖಿನ ಹಳೆಯ ಚಿತ್ರಗಳನ್ನು ಜೋಪಾನ ಮಾಡುವುದು. ನಮ್ಮೂರಿನ ಪಾಳುಬಿದ್ದ ಗುಡಿಗಳ ಮುಂದೆ ಹಾಯುವಾಗೆಲ್ಲ, ಇಂಥವರೊಬ್ಬರು ಇಲ್ಲಿಗೂ ಬಂದಿದ್ದರೆ ಅನಿಸುತ್ತದೆ.

ಮೊಮ್ಮಗಳಿಗೆ ಇಷ್ಟೆಲ್ಲ ಹೇಳಿ ಕೊನೆಗೆ ಒಂದು ಮಾತು ಸೇರಿಸಿದೆ: ಪಕ್ ಅಂದರೆ ಮೂರು ಇಂಚಗಲದ ರಬ್ಬರ್ ಬಿಲ್ಲೆ, ಪುಟಿಯಬಾರದೆಂದು ಆಟಕ್ಕೆ ಮುಂಚೆ ಅದನ್ನೂ ಫ್ರೀಜರಿನಲ್ಲಿಡುತ್ತಾರೆ. ಹೇಳಬಾರದಿತ್ತು.

ಮರುದಿನ ಮುಂಜಾನೆ ಅಡುಗೆಮನೆಯಿಂದ ಸೊಸೆಯ ದನಿ: "ಮಾವಾರ, ಫ್ರಿಜ್ಜಿನ್ಯಾಗ ನಿಮ್ಮ ಹಳೇ ಚಪ್ಪಲಿ ಹಿಮ್ಮಡ ಯಾರು ಕೊಯ್ದು ಇಟ್ಟಾರ?"