ತಲಪಾಡಿ ದಾಟಿದರೆ ಶುರುವಾಗುವ ಪಾಠ

ಮಂಗಳೂರಿನಲ್ಲಿ ಕಾಸರಗೋಡಿನ ಬಸ್ಸು ಹತ್ತಿದವರಿಗೆ ತಲಪಾಡಿ ಗಡಿ ದಾಟಿದ್ದು ಗೊತ್ತಾಗುವುದು ಅಂಗಡಿಗಳ ಬೋರ್ಡು ನೋಡಿದಾಗ. ಕನ್ನಡದ ಜೊತೆಗೆ ಮಲಯಾಳ ಬಂದು ಕೂತಿರುತ್ತದೆ. ಬಸ್ಸಿನೊಳಗೆ ಮಾತ್ರ ಏನೂ ಬದಲಾಗಿರುವುದಿಲ್ಲ. ಸ್ಟೇಟ್ ಬ್ಯಾಂಕ್ ಸ್ಟಾಪಿನಲ್ಲಿ ತುಳುವಿನಲ್ಲಿ ಶುರುವಾದ ಪಟ್ಟಾಂಗ ಮಂಜೇಶ್ವರ ಬಂದರೂ ತುಳುವಿನಲ್ಲೇ ಸಾಗಿರುತ್ತದೆ.

ಹೈಸ್ಕೂಲು ಮಕ್ಕಳಿಗೆ ಈ ಗಡಿ ಸಿಗುವುದು ಒಂದಂಕದ ಪ್ರಶ್ನೆಯಾಗಿ: ಫಜಲ್ ಅಲಿ ಆಯೋಗ, 1956, ರಾಜ್ಯ ಪುನರ್ವಿಂಗಡಣೆ. ಆ ವರ್ಷದ ನವೆಂಬರ್ 1ರಂದು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆ ಒಡೆದು, ಮಂಗಳೂರು ಮೈಸೂರು ರಾಜ್ಯಕ್ಕೂ ಕಾಸರಗೋಡು ತಾಲ್ಲೂಕು ಕೇರಳಕ್ಕೂ ಹೋದವು. ಇಸವಿ ಬಾಯಿಪಾಠ ಮಾಡಿದವರಿಗೆ ಅಂಕ ಸಿಗುತ್ತದೆ. ಆದರೆ ಅಂದು ಊರಿನವರಿಗೆ ಏನಾಯಿತು?

ಉತ್ತರವನ್ನು ಮಕ್ಕಳು ಮನೆಯಲ್ಲೇ ಹುಡುಕಬಹುದು. ಅಜ್ಜನ ಪೆಟ್ಟಿಗೆಯ ಜಮೀನಿನ ಪತ್ರ ಯಾವ ಲಿಪಿಯಲ್ಲಿದೆ, ಈಗಿನ ತೆರಿಗೆ ರಶೀದಿ ಯಾವುದರಲ್ಲಿದೆ? ಅಜ್ಜಿಯ ತವರು ಗಡಿಯ ಯಾವ ಕಡೆ? ಇಂಥ ನಾಲ್ಕು ಪ್ರಶ್ನೆ ಕೊಟ್ಟು ಕಳಿಸಿದರೆ ಮರುದಿನದ ತರಗತಿಯಲ್ಲಿ ಮಾತಾಡುವವರು ಮಕ್ಕಳೇ.

ಆಮೇಲೆ ವರದಿಗಳಿಗೆ ಬರಬಹುದು. ರಾಜ್ಯಗಳ ಗಡಿ ವಿವಾದದ ಬಗ್ಗೆ ಬಂದ 1967ರ ಮಹಾಜನ್ ಆಯೋಗದ ವರದಿ ಕಾಸರಗೋಡಿನಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರಿಗೆ ಸೇರಿಸಬೇಕೆಂದಿತು, ಬೆಳಗಾವಿ ನಗರ ಮೈಸೂರಿನಲ್ಲೇ ಇರಲಿ ಎಂದಿತು. ಇವೆರಡೂ ನಮ್ಮಲ್ಲಿ ಚಿರಪರಿಚಿತ. ಅದೇ ವರದಿ 264 ಹಳ್ಳಿಗಳನ್ನು ಮಹಾರಾಷ್ಟ್ರಕ್ಕೆ ಬಿಟ್ಟುಕೊಡಿ ಎಂದೂ ಹೇಳಿತ್ತು; ಇದನ್ನು ಎಷ್ಟು ತರಗತಿಗಳಲ್ಲಿ ಹೇಳುತ್ತಾರೆ? ಮಹಾರಾಷ್ಟ್ರ ವರದಿಯನ್ನು ಒಪ್ಪಲಿಲ್ಲ, 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಬರುವುದರ ಲೆಕ್ಕ ಹೇಳಿ ಕೊಡುವುದರ ಲೆಕ್ಕ ಬಿಟ್ಟರೆ ಅದು ಅರ್ಧ ಪಾಠ.

ಇತಿಹಾಸ ತೀರಾ ಹಳೆಯದಾಯಿತು ಎನ್ನುವ ಮಕ್ಕಳಿಗೆ 2020ರ ಮಾರ್ಚ್ ಇದೆ. ಕೊರೊನಾ ಕಾಲದಲ್ಲಿ ಕರ್ನಾಟಕ ಗಡಿ ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಸುರಿಯಿತು. ಕಾಯಿಲೆ ಬಿದ್ದರೆ ಮಂಗಳೂರಿಗೇ ಓಡುವುದು ಕಾಸರಗೋಡಿನವರ ರೂಢಿ. ಆಂಬುಲೆನ್ಸುಗಳು ತಲಪಾಡಿಯಲ್ಲಿ ನಿಂತವು, ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಭೂಪಟದ ಗೆರೆಗೆ ಎಷ್ಟು ಬಲವಿದೆಯೆಂದು ಆಗ ಅಲ್ಲಿನ ಪುಟ್ಟ ಮಕ್ಕಳಿಗೂ ತಿಳಿಯಿತು.

ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ಬಾಳಿಡೀ ಹೋರಾಡಿದ ಕಯ್ಯಾರ ಕಿಞ್ಞಣ್ಣ ರೈಗಳು ಪೆರಡಾಲದ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದವರು. 2015ರಲ್ಲಿ, ನೂರು ತುಂಬಿ ಎರಡು ತಿಂಗಳಿಗೆ ತೀರಿಕೊಂಡರು. ಗೆರೆ ಇದ್ದಲ್ಲೇ ಇತ್ತು. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳು ಈಗಲೂ ಕೇರಳದ ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯುತ್ತಾರೆ.

ಕರ್ನಾಟಕದ ಶಾಲೆಗಳು ಮಕ್ಕಳನ್ನು ಕೆಳದಿ ಅರಸರ ಬೇಕಲ ಕೋಟೆಗೆ ಪ್ರವಾಸ ಕರೆದೊಯ್ಯುವುದುಂಟು. ಮಂಜೇಶ್ವರದಲ್ಲಿ ಕವಿ ಗೋವಿಂದ ಪೈಗಳ ಸ್ಮಾರಕ ‘ಗಿಳಿವಿಂಡು’ ಇರುವುದು ಅದೇ ದಾರಿಯಲ್ಲಿ. ಮೇಷ್ಟ್ರುಗಳು ಅಲ್ಲೊಂದು ಗಂಟೆ ಬಸ್ಸು ನಿಲ್ಲಿಸಲಿ, ಆ ಊರಿನ ಕನ್ನಡ ಶಾಲೆಯ ಮಕ್ಕಳೊಂದಿಗೆ ತಮ್ಮ ಮಕ್ಕಳನ್ನು ಮಾತಿಗೆ ಬಿಡಲಿ.