ಯಂತ್ರ ಓದುವ ಮಕ್ಕಳಿಗೆ ದೇಹದ ಪಾಠ

ಶ್ರೀಮಠದ ಭಕ್ತರ ಮನೆಗಳಲ್ಲಿ ಎಂಜಿನಿಯರಿಂಗ್ ಓದುವ ಮಕ್ಕಳು ಈಗ ಅನೇಕರಿದ್ದಾರೆ. ಪದವಿಯ ಕೊನೆಯ ವರ್ಷಗಳಲ್ಲಿ ಅವರು ಬೇರೆ ವಿಭಾಗದ ಐಚ್ಛಿಕ ವಿಷಯವೊಂದನ್ನು ಆರಿಸಿಕೊಳ್ಳುವ ಸಂದರ್ಭ ಬರುತ್ತದೆ. ಆ ಪಟ್ಟಿಯಲ್ಲಿ ಬಯೋಮೆಡಿಕಲ್ ಎಂಜಿನಿಯರಿಂಗ್, ಅಂದರೆ ಚಿಕಿತ್ಸೆಗೆ ಬೇಕಾದ ಯಂತ್ರೋಪಕರಣಗಳ ವಿದ್ಯೆ, ಕಂಡಾಗ ಪಾಲಕರು ನಮ್ಮನ್ನು ಕೇಳುವುದುಂಟು: “ಡಾಕ್ಟರೇ, ಇದರಿಂದ ನೌಕರಿ ಸಿಗುವುದೇ?” ಒಂದು ಸೆಮಿಸ್ಟರಿನ ಪಾಠಕ್ಕೆ ಯಾರೂ ನೌಕರಿ ಕೊಡರು, ಅದು ಯಾರನ್ನೂ ವೈದ್ಯರನ್ನಾಗಿಯೂ ಮಾಡದು. ಆದರೂ ಬೇಡವೆನ್ನಲು ನಮಗೆ ಮನಸ್ಸಾಗದು. ಕಾರಣ ತಿಳಿಸಲು ಹೃದಯದ ಒಂದು ಕವಾಟದ ಸಂಗತಿ ಹೇಳಬೇಕು.

ಬಾಲ್ಯದ ಗಂಟಲುಬೇನೆಗೆ ತಕ್ಕ ಚಿಕಿತ್ಸೆ ದೊರೆಯದಿದ್ದರೆ ಕೆಲವರಿಗೆ ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟಗಳು ಕೆಡುತ್ತವೆ. ಹಾನಿ ಮಿತಿಮೀರಿದರೆ ಕೃತಕ ಕವಾಟ ಜೋಡಿಸಬೇಕು. ವಿದೇಶದಿಂದ ತರಿಸಿದ ಕವಾಟ ಬಡವರ ಕೈಗೆ ಎಟುಕುವಂತಿರಲಿಲ್ಲ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಹೃದಯ ಶಸ್ತ್ರವೈದ್ಯ ಡಾ. ಎಂ. ಎಸ್. ವಲಿಯತ್ತಾನ್ ಅವರ ನೇತೃತ್ವದಲ್ಲಿ ದೇಶೀಯ ಕವಾಟದ ಪ್ರಯತ್ನ ನಡೆಯಿತು. ನಿಮಿಷಕ್ಕೆ 72 ಬಡಿತವೆಂದರೆ ಕವಾಟವು ದಿನವೊಂದಕ್ಕೆ ಲಕ್ಷಕ್ಕೂ ಮೀರಿ, ವರ್ಷಕ್ಕೆ ಸುಮಾರು ಮೂರೂಮುಕ್ಕಾಲು ಕೋಟಿ ಬಾರಿ ತೆರೆದು ಮುಚ್ಚಬೇಕು. ಸವೆಯಬಾರದು, ರಕ್ತಕಣಗಳನ್ನು ಒಡೆಯಬಾರದು. ಇದು ಶಸ್ತ್ರವೈದ್ಯರೊಬ್ಬರಿಂದ ಆಗುವ ಕೆಲಸವೇ? ಲೋಹ ಬಲ್ಲವರು, ಪಾಲಿಮರ್ ಬಲ್ಲವರು, ದ್ರವದ ಹರಿವಿನ ಲೆಕ್ಕ ಬಲ್ಲವರು ಕೂಡಿ ದುಡಿದರು. ಮೊದಲ ಮೂರು ಮಾದರಿಗಳು ವಿಫಲವಾದವು. ಕೋಬಾಲ್ಟ್ ಮಿಶ್ರಲೋಹದ ಚೌಕಟ್ಟು, ಪಾಲಿಥಿಲೀನ್ ಬಿಲ್ಲೆಯುಳ್ಳ ನಾಲ್ಕನೆಯದು ಗೆದ್ದಿತು. 1990ರಲ್ಲಿ ಮೊದಲ ಬಾರಿಗೆ ರೋಗಿಗೆ ಜೋಡಿಸಲಾಯಿತು.

ಮಣಿಪಾಲ ವಿಶ್ವವಿದ್ಯಾಲಯದ ಮೊದಲ ಉಪಕುಲಪತಿಯಾಗಿ ನಮ್ಮ ನಾಡಿಗೂ ಬಂದ ವಲಿಯತ್ತಾನರು ಮುಂದೆ ಚರಕ, ಸುಶ್ರುತ, ವಾಗ್ಭಟರ ಕುರಿತು ಗ್ರಂಥಗಳನ್ನು ರಚಿಸಿದರೆಂಬುದು ಆಯುರ್ವೇದದವರಾದ ನಮಗೆ ವಿಶೇಷ ಹೆಮ್ಮೆಯ ವಿಷಯ.

ಇಂಥ ಕೆಲಸಕ್ಕೆ ಕೈಹಾಕುವವರು ಎಲ್ಲಿಂದ ಬರಬೇಕು? ಪಂಪಿನಲ್ಲಿ ನೀರಿನ ಹರಿವನ್ನು ಲೆಕ್ಕ ಹಾಕಬಲ್ಲ ವಿದ್ಯಾರ್ಥಿಗೆ ರಕ್ತವು ತಾಗಿದೆಡೆ ಹೆಪ್ಪುಗಟ್ಟಬಲ್ಲ ದ್ರವವೆಂಬುದು ಬೇರೆಲ್ಲಿ ತಿಳಿದೀತು? ಅದೇ ಕಾರಣಕ್ಕೆ ಲೋಹದ ಕವಾಟ ಹೊಂದಿದವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಜೀವನಪರ್ಯಂತ ಸೇವಿಸಬೇಕು. ಹೃದ್ರೋಗ ತಜ್ಞರಿಗೆ ತಿಳಿಸದೆ ಅಂಥವರು ನಮ್ಮ ಕಷಾಯ, ಚೂರ್ಣಗಳನ್ನೂ ಸೇವಿಸಕೂಡದು.

ಎಲ್ಲ ಕಾಲೇಜುಗಳಲ್ಲೂ ಈ ಪಾಠ ಒಂದೇ ಹದದಲ್ಲಿ ನಡೆಯುವುದಿಲ್ಲ. ಆಸ್ಪತ್ರೆಯ ಮುಖ ನೋಡದೆ ಟಿಪ್ಪಣಿ ಬಾಯಿಪಾಠ ಮಾಡಿಸಿದರೆ ಪ್ರಯೋಜನ ಅಲ್ಪ. ವೈದ್ಯರು ಬಂದು ಪಾಠ ಹೇಳುವರೇ, ಉಪಕರಣಗಳನ್ನು ಬಿಚ್ಚಿ ನೋಡಲು ಅವಕಾಶವುಂಟೇ, ಆಸ್ಪತ್ರೆಗೆ ಕರೆದೊಯ್ಯುವರೇ ಎಂಬುದನ್ನು ಮಕ್ಕಳು ಹಿರಿಯ ವಿದ್ಯಾರ್ಥಿಗಳಿಂದ ವಿಚಾರಿಸಿಕೊಂಡೇ ಹೆಸರು ಬರೆಸುವುದು ಲೇಸು.